ಜ್ವರ ಬಿಟ್ಟ ಮರುದಿನದ ರಕ್ತ

1996ರಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟೆ. ಅಂದಿನಿಂದ ಹೊಗೆಸೊಪ್ಪೇ ನನ್ನ ವಿದ್ಯೆ. ಬೆಂಕಿಯ ಕಾವಿನಲ್ಲಿ ಬೇಯಿಸಿದ ಎಲೆ ಮುಟ್ಟಿ ಗ್ರೇಡ್ ಹೇಳುವುದರಲ್ಲಿ ಪಿರಿಯಾಪಟ್ಟಣದ ಸುತ್ತ ನನ್ನನ್ನು ಸೋಲಿಸಿದವರಿಲ್ಲ.

ಈ ಮಳೆಗಾಲ ಸೊಪ್ಪು ಮುರಿಯುತ್ತಿದ್ದ ಹೆಂಡತಿ ಮಂಜುಳ ಸಾಲಿನ ಮಧ್ಯೆಯೇ ಕೂತು ವಾಂತಿ ಮಾಡಿದಳು. ತಲೆನೋವು, ಮೈಕೈ ನೋವು. ಒದ್ದೆ ಎಲೆಯ ರಸ ಮೈಗೆ ಹತ್ತಿದರೆ ನಮ್ಮಲ್ಲಿ ಎಲ್ಲರಿಗೂ ಹೀಗಾಗುತ್ತದೆ. “ಸೊಪ್ಪಿಂದು ಕಣೆ, ನಾಳೀಕೆ ಓಯ್ತದೆ” ಎಂದೆ. ಮೂರನೆಯ ದಿನ ಅವಳ ಮೈ ಕೆಂಡ.

ಸೊಪ್ಪಿನಿಂದ ಜ್ವರ ಬರುವುದಿಲ್ಲ. ಅದು ನನಗೆ ಗೊತ್ತಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಡೆಂಗಿ ಎಂದರು. ಅಲ್ಲಿ ವೈರಸ್ ಬಗ್ಗೆ ಸಂಶೋಧನೆ ಮಾಡುವ ಶಾಹೀನ್ ಮೇಡಂ ಬಂದು, ನಾಲ್ಕು ಸಲ ರಕ್ತ ಕೊಡುತ್ತೀರಾ ಎಂದು ಮಂಜುಳನನ್ನು ಕೇಳಿದರು. ಸೇರಿದ ದಿನ, ಜ್ವರ ಬಿಟ್ಟ ಮರುದಿನ, ಮನೆಗೆ ಹೊರಡುವಾಗ, ಮತ್ತೆ ತಿಂಗಳ ಮೇಲೆ. ಇದರಿಂದ ನಿಮ್ಮ ಚಿಕಿತ್ಸೆಯೇನೂ ಬದಲಾಗದು, ಬೇಡವೆಂದರೂ ಸರಿ ಎಂದರು. ಮಂಜುಳ ಸಹಿ ಹಾಕಿದಳು.

ಜ್ವರ ಬಂದ ಐದನೆಯ ದಿನ ಬಿಟ್ಟಿತು. ಊರಲ್ಲಿ ಬ್ಯಾರನ್ ತುಂಬ, ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ ತುಂಬ, ಸೊಪ್ಪು ಬೇಯುತ್ತಿತ್ತು. ಮನೆಯಲ್ಲಿ ಹೆಣ್ಣುಮಕ್ಕಳಿಬ್ಬರೇ, ಬೆಂಕಿ ನೋಡುವವರಿಲ್ಲ. ಡಾಕ್ಟರು ಇರಿ ಎಂದರೂ ಕೇಳದೆ ಬಟ್ಟೆ ಗಂಟು ಕಟ್ಟಿದೆ. ಮಂಜುಳ ಮಂಚ ಬಿಟ್ಟೇಳಲಿಲ್ಲ.

“ನಾಳೀಕೆ ರಕ್ತ ಕೊಡ್ತೀನಿ ಅಂತ ಸೈನ್ ಆಕಿವ್ನಿ. ಮಾತು ಕೊಟ್ರೆ ತಪ್ಪಲ್ಲ ಅಂತ ಊರೆಲ್ಲ ಯೋಳ್ಕೊಂಡು ತಿರುಗ್ತೀರಲ್ಲ, ಅದು ನಿಮಗೊಬ್ಬರಿಗೇಯಾ?”

ಗಂಟು ಬಿಚ್ಚಿದೆ.

ಬೆಳಿಗ್ಗೆ ಶಾಹೀನ್ ರಕ್ತಕ್ಕೆ ಬಂದಾಗ ಮಂಜುಳನ ಕೈ ತಣ್ಣಗಿತ್ತು. ಅವರೇ ಓಡಿ ಡಾಕ್ಟರನ್ನು ಕರೆತಂದರು. ಬಿಪಿ ಸಿಗುತ್ತಿರಲಿಲ್ಲ. ಐಸಿಯು, ಡ್ರಿಪ್, ಎರಡು ದಿನ. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೇ ಅಪಾಯ ಎಂದು ಡಾಕ್ಟರು ಹೇಳಿದ್ದು ನನಗೆ ಅರ್ಥವಾದದ್ದು ಆಗಲೇ.

ಬದುಕಿದಳು.

ತಿಂಗಳ ಮೇಲೆ ನಾಲ್ಕನೇ ರಕ್ತ ಕೊಡಲು ಹೋದಾಗ ಯಂತ್ರ ತೋರಿಸಿ ಎಂದು ನಾನೇ ಕೇಳಿದೆ. ರಕ್ತದ ಪ್ರೋಟೀನುಗಳನ್ನು ಚೂರು ಮಾಡಿ, ಒಂದೊಂದು ಚೂರನ್ನೂ ತೂಗಿ, ತೂಕದಿಂದಲೇ ಇದು ಇಂಥದ್ದು ಎಂದು ಗುರುತಿಸುವ ಯಂತ್ರ. ಪರದೆಯ ಮೇಲೆ ಮಂಜುಳನ ಎರಡು ದಿನಗಳು ಪಕ್ಕಪಕ್ಕದಲ್ಲಿದ್ದವು. ಜ್ವರವಿದ್ದಾಗ ಮಲಗಿದ್ದ ಗೆರೆಗಳು ಆ ಬೆಳಿಗ್ಗೆ ನೆಟ್ಟಗೆ ಎದ್ದಿದ್ದವು. ವೈರಸ್ಸಿಗೆ ಅವಳ ಮೈ ಕೊಟ್ಟ ಉತ್ತರವಂತೆ ಅದು.

“ಇದು ಗ್ರೇಡಿಂಗೇ ಕಣ್ರೀ ಮೇಡಂ. ನಾನು ಬೆರಳಲ್ಲಿ ಮಾಡೋದ್ನ ನೀವು ತಕ್ಕಡೀಲಿ ಮಾಡ್ತೀರಿ.”

ಅವರು ನಕ್ಕು, ಒಬ್ಬರ ರಕ್ತದಿಂದ ಏನೂ ಹೇಳಲಾಗದು, ನೂರಾರು ಜನರದು ಸೇರಿದರೆ ಯಾರಿಗೆ ಬಿಗಡಾಯಿಸುತ್ತದೆಂದು ಮೊದಲೇ ತಿಳಿಯಬಹುದು ಎಂದರು. ಬಸ್ಸಿನಲ್ಲಿ ಹುಣಸೂರು ದಾಟುವವರೆಗೂ ಸಿಕ್ಕವರಿಗೆಲ್ಲ ಇದನ್ನೇ ಹೇಳಿದೆ. “ರಕ್ತ ನಂದು, ಡಂಗೂರ ಇವರ್ದು” ಎಂದಳು ಮಂಜುಳ.

ಆಸ್ಪತ್ರೆಯಲ್ಲಿದ್ದಾಗ ಬೆಂಕಿ ನೋಡುವವರಿಲ್ಲದೆ ಬ್ಯಾರನ್ನಿನ ಸೊಪ್ಪು ಅಷ್ಟೂ ಕಪ್ಪಾಗಿತ್ತು. ಹೋಗಲಿ.

ಈಗ ನನಗಿರುವುದು ಮೂರು ಎಕರೆ ಹೊಲ, ಎರಡು ಹಸು, ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಹೆಂಡತಿ.