ಭಾನುವಾರದ ಜೇನು, ಸೋಮವಾರದ ಸೀನು

1983ರಲ್ಲಿ ಬನಶಂಕರಿ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇತ್ತು. ಕೆಳಗೆ ಎರಡು ಕೋಣೆಯ ಕ್ಲಿನಿಕ್, ಮೇಲೆ ಮನೆ. ನನಗಾಗ ಮೂವತ್ತೆಂಟು ವರ್ಷ. ಎಂ.ಬಿ.ಬಿ.ಎಸ್. ಮುಗಿಸಿ ಹದಿಮೂರು ವರ್ಷ ಕಳೆದಿದ್ದರಿಂದ, ರೋಗಿ ಹೊಸ್ತಿಲು ದಾಟುವಷ್ಟರಲ್ಲಿ ಅರ್ಧ ಕಾಯಿಲೆ ನನಗೆ ಗೊತ್ತಾಗಿಬಿಡುತ್ತದೆ ಎಂಬ ಜಂಭ ಬಂದಿತ್ತು. ಆ ಜಂಭ ಇಳಿದದ್ದು ಅದೇ ವರ್ಷದ ಏಪ್ರಿಲ್ ತಿಂಗಳಿನ ಒಂದು ಭಾನುವಾರ.

ಕ್ಲಿನಿಕ್ಕಿನಿಂದ ಮೂರು ರಸ್ತೆ ಆಚೆ ಶ್ರೀಕಂಠಯ್ಯನವರ ಮನೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ತಾರಸಿಯಲ್ಲಿ ಜೇನು ಸಾಕತೊಡಗಿದ್ದರು. ಒಂದು ಪೆಟ್ಟಿಗೆಯಿಂದ ಶುರುವಾದದ್ದು ಐದಾಗಿತ್ತು. ಎಲ್ಲವೂ ತುಡುವೆ ಜೇನು. ಹೆಜ್ಜೇನಿನ ಹಾಗೆ ಅಟ್ಟಿಸಿಕೊಂಡು ಬರುವ ಜಾತಿಯಲ್ಲ. ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಿಳಿ ಜುಬ್ಬಾ ಪೈಜಾಮ ತೊಟ್ಟು, ಹ್ಯಾಟಿಗೆ ಸೊಳ್ಳೆಪರದೆಯ ಬಟ್ಟೆ ಹೊಲಿದ ಮುಖಪರದೆ ಹಾಕಿಕೊಂಡು, ಸ್ವಲ್ಪವೇ ಹೊಗೆ ಊದಿ, ಪೆಟ್ಟಿಗೆಯೊಳಗಿನ ಮೇಣದ ಎರಿಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ನಾನೂ ಎಷ್ಟೋ ಸಲ ಪಕ್ಕದಲ್ಲಿ ನಿಂತು ಮೈಮರೆತು ನೋಡಿದ್ದೇನೆ. ಹೊಂಗೆ ಹೂವಿನ ಕಾಲದ ಜೇನು ಯಾವುದು, ಹುಣಸೆಯದು ಯಾವುದು ಎಂದು ಅಂಗೈ ಮೇಲೆ ಒಂದೊಂದು ತೊಟ್ಟು ಹಾಕಿ ರುಚಿ ತೋರಿಸಿ ಹೇಳಿಕೊಡುತ್ತಿದ್ದರು. ಮಿಕ್ಕ ಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಹಿಮ್ಮಡಿ ಒಡಕಿಗೆ ಮುಲಾಮು ಮಾಡುತ್ತಿದ್ದರು. ಮಂಡಿನೋವಿಗೆ ಒಳ್ಳೆಯದೆಂದು ಬೇಕೆಂದೇ ಒಂದೆರಡು ಹುಳಗಳಿಂದ ಕಚ್ಚಿಸಿಕೊಳ್ಳುವುದೂ ಇತ್ತು. ವರ್ಷಕ್ಕೆ ಎರಡು ಬಾಟಲಿ ಜೇನುತುಪ್ಪ ನಮ್ಮ ಮನೆಗೆ ತಪ್ಪದೆ ಬರುತ್ತಿತ್ತು. ಇದನ್ನೇಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ ತಪ್ಪಿನಲ್ಲಿ ಆ ಬಾಟಲಿಗಳ ಪಾಲೂ ಇದೆ.

ಮೇಷ್ಟ್ರ ಸೊಸೆ ಗಿರಿಜಾ. ಇಪ್ಪತ್ತನಾಲ್ಕು ವರ್ಷ, ಮದುವೆಯಾಗಿ ಮೂರು ವರ್ಷ, ಒಂದೂವರೆ ವರ್ಷದ ಮಗು. ಗಂಡ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನು. ಹಾಗಾಗಿ ಅವಳನ್ನು ಕ್ಲಿನಿಕ್ಕಿಗೆ ಕರೆತರುತ್ತಿದ್ದವರು ಮಾವ. ಆ ಭಾನುವಾರಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ ಮೂರು ಸಲ ಬಂದಿದ್ದಳು. ಸೀನು, ಮೂಗು ಸೋರುವುದು, ಕಣ್ಣು ಕೆಂಪು, ಮುಂಗೈ ಮೇಲೆ ದದ್ದು. ಮೂರು ಸಲವೂ ಮಾತಾಡಿದವರು ಮೇಷ್ಟ್ರು.

"ಧೂಳು ಡಾಕ್ಟ್ರೇ. ನಮ್ಮ ರಸ್ತೆ ಅಗೆದು ಹಾಕ್ಬಿಟ್ಟಿದಾರೆ, ಎಷ್ಟು ಗುಡಿಸಿದ್ರೂ ಅಷ್ಟೇ."

ನಾನು ರಿಜಿಸ್ಟರಿನಲ್ಲಿ "ಧೂಳಿನ ಅಲರ್ಜಿ" ಎಂದು ಬರೆದೆ, ಮಾತ್ರೆ ಕೊಟ್ಟೆ. ಆಮೇಲೆ ನಾವಿಬ್ಬರೂ ಹತ್ತು ನಿಮಿಷ ರಾಣಿಹುಳದ ವಿಷಯ ಮಾತಾಡಿದೆವು. ಮೂರನೇ ಸಲವಂತೂ "ದಿನಾ ಒಂದು ಚಮಚ ಜೇನುತುಪ್ಪ ತಗೊಳಮ್ಮ, ಮನೇಲೇ ಇದೆಯಲ್ಲ" ಎಂದು ಮಹಾ ಜಾಣನಂತೆ ಸಲಹೆ ಕೊಟ್ಟೆ. ಮೇಷ್ಟ್ರು ಹಿಗ್ಗಿಹೋದರು. ಗಿರಿಜಾ ಏನೋ ಹೇಳಲು ಬಾಯಿ ತೆರೆದಳು, ಮಾವನ ಕಡೆ ನೋಡಿದಳು, ಸುಮ್ಮನಾದಳು. ಅದನ್ನು ನಾನು ಗಮನಿಸದೆ ಇರಲಿಲ್ಲ. ಗಮನಿಸಿಯೂ ಮುಂದಿನ ರೋಗಿಯನ್ನು ಕರೆದೆ.

ಆ ಭಾನುವಾರ ಬೆಳಿಗ್ಗೆ ಒಂಬತ್ತೂವರೆ ಗಂಟೆ. ಕ್ಲಿನಿಕ್ಕಿಗೆ ರಜ. ನಾನು ಮೇಲೆ ತಿಂಡಿ ತಿನ್ನುತ್ತಿದ್ದೆ. ಆಟೋ ನಿಂತ ಸದ್ದಾಯಿತು, ಹಿಂದೆಯೇ ಯಾರೋ ಬಾಗಿಲು ಬಡಿದರು. ಇಳಿದು ನೋಡಿದರೆ ಮೇಷ್ಟ್ರು, ಜೇನು ತೆಗೆಯುವ ಬಿಳಿ ಬಟ್ಟೆಯಲ್ಲೇ ಬಂದಿದ್ದರು. ಆಟೋ ಸೀಟಿನಲ್ಲಿ ಗಿರಿಜಾ ಒಂದು ಕಡೆಗೆ ವಾಲಿದ್ದಳು. ಮುಖ ಊದಿ ಕಣ್ಣು ಮುಚ್ಚಿಹೋಗಿದ್ದವು. ತುಟಿ ನೀಲಿಗಟ್ಟಿತ್ತು. ಉಸಿರೆಳೆದಾಗಲೆಲ್ಲ ಸಿಳ್ಳೆಯಂಥ ಸದ್ದು. ಕುತ್ತಿಗೆಯ ಮೇಲೆ ಒಂದು ಬೊಟ್ಟು ಸುಣ್ಣ.

"ಒಂದೇ ಒಂದು ಹುಳ ಡಾಕ್ಟ್ರೇ! ಪಾತ್ರೆ ತಗೊಂಡು ಬಾ ಅಂತ ತಾರಸಿಗೆ ಕರೆದೆ, ಅಷ್ಟೇ. ಸುಣ್ಣ ಹಚ್ಚಿ ಜೇನುತುಪ್ಪ ನೆಕ್ಕಿಸಿದೆ. ಸರಿಹೋಗುತ್ತೆ ಅಂದ್ಕೊಂಡೆ…"

"ಎಷ್ಟು ಹೊತ್ತಾಯ್ತು?"

"ಕಾಲು ಗಂಟೆ. ಮಗೂನ ಪಕ್ಕದ ಮನೇಲಿ ಬಿಟ್ಟು ಬಂದೆ."

ಇದಕ್ಕೆ ನಮ್ಮಲ್ಲಿ ಅನಾಫಿಲಾಕ್ಸಿಸ್ ಎನ್ನುತ್ತಾರೆ. ಹೆಚ್ಚಿನವರಿಗೆ ಜೇನು ಕಚ್ಚಿದರೆ ಕಚ್ಚಿದ ಜಾಗ ಊದುತ್ತದೆ, ಉರಿಯುತ್ತದೆ, ಅಲ್ಲಿಗೆ ಮುಗಿಯಿತು. ಆದರೆ ಆ ವಿಷಕ್ಕೆ ಮೈ ಮೊದಲೇ ಕೆರಳಿದ್ದರೆ ಒಂದು ಹುಳ ಸಾಕು. ರಕ್ತನಾಳಗಳು ಸಡಿಲವಾಗಿ ರಕ್ತದೊತ್ತಡ ಕುಸಿಯುತ್ತದೆ, ಉಸಿರಿನ ದಾರಿ ಮುಚ್ಚುತ್ತಾ ಬರುತ್ತದೆ. ಅದಕ್ಕಿರುವ ಮದ್ದು ಅಡ್ರಿನಲಿನ್ ಇಂಜೆಕ್ಷನ್. ಉಳಿದವೆಲ್ಲ ಆಮೇಲಿನ ಮಾತು.

ಸಿರಿಂಜುಗಳನ್ನು ಕುದಿಸಿಡಲು ಬಂದಿದ್ದ ನನ್ನ ಕಾಂಪೌಂಡರ್ ಮುನಿಯಪ್ಪ, ನಾನು ಹೇಳುವ ಮೊದಲೇ ಅವಳನ್ನು ಎತ್ತಿ ತಂದು ಮಂಚದ ಮೇಲೆ ಮಲಗಿಸಿ ಕಾಲಡಿಗೆ ಸ್ಟೂಲು ಕೊಟ್ಟಿದ್ದ. ಬಿ.ಪಿ. ಪಟ್ಟಿ ಕಟ್ಟಿ ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ನಾಡಿ ನೂರನಲವತ್ತು, ಅದೂ ದಾರದೆಳೆಯಷ್ಟು. ಡ್ರಾಯರಿನಲ್ಲಿ ಅಡ್ರಿನಲಿನ್ ಆಂಪ್ಯೂಲ್ ಎರಡೇ ಇದ್ದವು. ಒಂದನ್ನು ಬೆಳಕಿಗೆ ಹಿಡಿದರೆ ಒಳಗಿನ ಔಷಧಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಹಾಗೆ ಬಣ್ಣ ತಿರುಗಿದ್ದನ್ನು ನಂಬುವಂತಿಲ್ಲ. ಡ್ರಾಯರಿನ ಔಷಧಿಗಳನ್ನು ಆಗಾಗ ನೋಡಬೇಕಾದವನು ನಾನೇ; ನೋಡಿರಲಿಲ್ಲ. ಇನ್ನೊಂದು ತಿಳಿಯಾಗಿತ್ತು. ಅದರಲ್ಲಿದ್ದದ್ದು ಒಂದು ಎಂ.ಎಲ್. ಅರ್ಧ ಕೊಟ್ಟೆ. ಅರ್ಧವೇ ಹೋಯಿತೇ ಎಂದು ಸಿರಿಂಜಿನ ಗೆರೆಯನ್ನು ಎರಡೆರಡು ಸಲ ನೋಡಿದೆ. ಹದಿಮೂರು ವರ್ಷದ ಅನುಭವ ಎಲ್ಲಿ ಹೋಯಿತೋ!

"ಮುನಿಯಪ್ಪ, ಮೆಡಿಕಲ್ ಸ್ಟೋರ್‌ಗೆ ಓಡು. ಅಡ್ರಿನಲಿನ್ ಎಷ್ಟಿದ್ರೆ ಅಷ್ಟು ತಗೊಂಡು ಬಾ."

"ಭಾನ್ವಾರ ಸಾರ್, ಬಾಗ್ಲು ಹಾಕಿರ್ತಾರೆ."

"ಓನರ್ ಮನೆ ಹಿಂದುಗಡೆ ಬೀದೀಲಿ. ಬಾಗಿಲು ಮುರಿದಾದ್ರೂ ತಾ."

ಅವನು ನನ್ನ ಸೈಕಲ್ ಹತ್ತಿ ಹೋದ. ನಾನು ಕೈಯ ನರ ಹುಡುಕಿ ಸಲೈನ್ ಹಚ್ಚಿ ಬಾಟಲಿಯನ್ನು ಕಿಟಕಿಯ ಸರಳಿಗೆ ನೇತುಹಾಕಿದೆ. ಸ್ಟೀರಾಯ್ಡ್ ಕೊಟ್ಟೆ, ಅದು ಕೆಲಸ ಶುರುಮಾಡಲು ಗಂಟೆಗಳೇ ಬೇಕು. ಐದು ನಿಮಿಷಕ್ಕೆ ಬಿ.ಪಿ. ಎಪ್ಪತ್ತರಲ್ಲಿ ಕೇಳಿಸಿತು. ಸಿಳ್ಳೆ ಸ್ವಲ್ಪ ತಗ್ಗಿತು. ಬದುಕಿಕೊಂಡಳು ಎಂದುಕೊಂಡೆ. ಹತ್ತನೇ ನಿಮಿಷಕ್ಕೆ ಮತ್ತೆ ಕುಸಿಯಿತು. ಉಳಿದ ಅರ್ಧ ಎಂ.ಎಲ್. ಅನ್ನೂ ಕೊಟ್ಟೆ. ಈಗ ಡ್ರಾಯರಿನಲ್ಲಿ ಉಳಿದದ್ದು ಬಣ್ಣ ತಿರುಗಿದ ಆಂಪ್ಯೂಲ್ ಒಂದೇ. ಆಟೋದಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಟರೆ ದಾರಿಯಲ್ಲೇ ಹೋಗಿಬಿಡುತ್ತಾಳೆ. ಇಲ್ಲೇ ಇಟ್ಟುಕೊಂಡರೆ ಮುನಿಯಪ್ಪನ ದಾರಿ ಕಾಯಬೇಕು. ಕಾಯುವುದೆಂದು ತೀರ್ಮಾನಿಸಿದೆ. ಅಂಥ ಹೆದರಿಕೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಮೇಷ್ಟ್ರು ಅವಳ ತಲೆಯ ಹತ್ತಿರ ಬಗ್ಗಿ, "ಗಿರಿಜಾ, ಏನೂ ಆಗಲ್ಲಮ್ಮ" ಎನ್ನುತ್ತಾ ಹಣೆ ಸವರುತ್ತಿದ್ದರು. ಅವಳು ಮುಖ ಆಚೆ ತಿರುಗಿಸಿದಳು. ಬೆರಳಿನಿಂದ ಅವರ ಜುಬ್ಬಾದ ತೋಳನ್ನು ದೂರ ತಳ್ಳಿ, "ಈ ಬಟ್ಟೆ… ಬೇಡ" ಎಂದಳು. ಅವರಿಗೂ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಅವಳಿಗೆ ಗಾಳಿಯಾದರೂ ಬರಲೆಂದು ಮೇಷ್ಟ್ರನ್ನು ಹೊರಗೆ ಕಳಿಸಿದೆ.

ಹೊರಗೆ ಸೈಕಲ್ ಬಿದ್ದ ಸದ್ದು ಕೇಳಿಸಿತು. ಮುನಿಯಪ್ಪ ಅದನ್ನು ನಿಲ್ಲಿಸುವ ಗೋಜಿಗೂ ಹೋಗಿರಲಿಲ್ಲ. ಅವನ ಅಂಗೈಯಲ್ಲಿ ನಾಲ್ಕು ಆಂಪ್ಯೂಲ್, ನಾಲ್ಕೂ ತಿಳಿ. ಮೂರನೇ ಸಲ ಕೊಟ್ಟೆ. ಈ ಸಲ ಏರಿದ ಬಿ.ಪಿ. ಇಳಿಯಲಿಲ್ಲ. ಎಂಬತ್ತು, ತೊಂಬತ್ತು, ನೂರು. ಹತ್ತೂಕಾಲಿಗೆ ಅವಳು ಕಣ್ಣು ಬಿಟ್ಟು "ಮಗು?" ಎಂದಳು. ನಾನು ಗೋಡೆಗೆ ಒರಗಿ ನಿಂತೆ. ಕಣ್ಣಲ್ಲಿ ನೀರು ಬಂತು. ಮುನಿಯಪ್ಪ ನೋಡದವನಂತೆ ಸಿರಿಂಜು ತೊಳೆಯಲು ಹೋದ.

ಇಂಥ ರೋಗಿಗಳು ಚೇತರಿಸಿಕೊಂಡ ಮೇಲೂ ಕೆಲವು ಗಂಟೆಗಳ ನಂತರ ಮತ್ತೆ ಕುಸಿಯುವುದುಂಟು. ಆದ್ದರಿಂದ ಉಳಿದ ಆಂಪ್ಯೂಲ್‌ಗಳನ್ನು ಜೇಬಿನಲ್ಲಿಟ್ಟುಕೊಂಡು ನಾನೇ ಜೊತೆಗೆ ಹೋಗಿ ಅವಳನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ಸಂಜೆ ನೋಡಲು ಹೋದಾಗ ದಿಂಬಿಗೆ ಒರಗಿ ಕೂತಿದ್ದಳು. ಮೇಷ್ಟ್ರು ಪಕ್ಕದಲ್ಲಿದ್ದರು, ಬಟ್ಟೆ ಬದಲಾಯಿಸಿಕೊಂಡು.

"ಮುಂಚೆ ಯಾವತ್ತಾದ್ರೂ ಕಚ್ಚಿತ್ತೇನಮ್ಮ?" ಎಂದೆ.

"ಇಲ್ಲ ಡಾಕ್ಟ್ರೇ, ಇವಳು ತಾರಸಿಗೇ…" ಎಂದು ಮೇಷ್ಟ್ರು ಶುರುಮಾಡಿದರು.

"ಮೇಷ್ಟ್ರೇ, ನೀವು ಒಂದು ನಿಮಿಷ ಸುಮ್ನಿರಿ."

ಗಿರಿಜಾ ಹೊದಿಕೆಯ ಅಂಚು ನೋಡುತ್ತಾ ಹೇಳಿದಳು: "ಕಚ್ಚಿರ್ಲಿಲ್ಲ. ಹೋದ ವರ್ಷ ಮಾವನವರ ಜುಬ್ಬಾ ಉಜ್ಜುವಾಗ ತೋಳಲ್ಲಿ ಸಿಕ್ಕೊಂಡಿದ್ದ ಜೇನುಹುಳದ ಮುಳ್ಳು ಚುಚ್ಚಿ, ಕೈ ಮೊಣಕೈವರೆಗೂ ಊದಿತ್ತು. ಆಮೇಲಿಂದಾನೇ ಈ ಸೀನು. ಅದೂ ಸೋಮವಾರ ಮಾತ್ರ. ಭಾನುವಾರದ ಬಟ್ಟೆ ಒಗೆಯೋದು ಸೋಮವಾರ. ಕೊಡವಿದ ತಕ್ಷಣ ಶುರುವಾಗೋದು."

"ಇದನ್ನ ನಂಗೆ ಯಾಕಮ್ಮ ಹೇಳ್ಲಿಲ್ಲ?"

"ನೀವು ಕೇಳಿದ್ದು ಮಾವನವರನ್ನ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಜೇನು ಬಿಟ್ಟುಹೋಗುವ ಮುಳ್ಳಿನಲ್ಲಿ ವಿಷದ ಚೀಲವೂ ಇರುತ್ತದೆ. ಒಣಗಿದ ವಿಷ, ಹುಳದ ಮೈಯ ಪುಡಿ ಬಟ್ಟೆಯಲ್ಲಿ ಉಳಿಯುತ್ತದೆ. ಸಾಕುವವರಿಗೆ ಕಚ್ಚಿಸಿಕೊಂಡು ಕಚ್ಚಿಸಿಕೊಂಡು ಮೈ ಒಗ್ಗಿಹೋದರೂ, ಅವರ ಬಟ್ಟೆ ಒಗೆಯುವವರ ಮೈ ಕೆಲವೊಮ್ಮೆ ಕೆರಳಿಬಿಡುತ್ತದೆ. ಕ್ಲಿನಿಕ್ಕಿಗೆ ವಾಪಸಾಗಿ ರಿಜಿಸ್ಟರ್ ತೆಗೆದೆ. ಅವಳ ಮೂರೂ ಭೇಟಿ ಸೋಮವಾರ ಸಂಜೆಯವೇ. ಮೂರನ್ನೂ ಬರೆದದ್ದು ನನ್ನದೇ ಕೈ.

ಮರುದಿನ ಅವಳನ್ನು ಮನೆಗೆ ಕರೆತಂದಾಗ ಮೇಷ್ಟ್ರು ಅಂಗಳದಲ್ಲೇ ನಿಂತು, "ಐದೂ ಪೆಟ್ಟಿಗೆ ಸುಟ್ಟುಬಿಡ್ತೀನಿ ಡಾಕ್ಟ್ರೇ" ಎಂದರು. ಮುಖ ನೋಡಲಾಗುತ್ತಿರಲಿಲ್ಲ. ನಾನು "ನೀನೇನಂತೀಯಮ್ಮ?" ಎಂದು ಗಿರಿಜಾಳನ್ನು ಕೇಳಿದೆ.

ಅವಳು ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡಳು. "ಸುಡೋದ್ಯಾಕೆ? ಮಾವನವರಿಗೆ ಅದು ಬಿಟ್ರೆ ಬೇರೇನಿದೆ? ಎಲ್ಲಾದ್ರೂ ದೂರ ಇಟ್ಕೊಳ್ಳಿ. ಆದ್ರೆ ಆ ಬಟ್ಟೆ ಇನ್ಮೇಲೆ ನಾನು ಮುಟ್ಟಲ್ಲ."

ಆ ವಾರವೇ ಪೆಟ್ಟಿಗೆಗಳು ಹೊಸಕೆರೆಹಳ್ಳಿಯ ಕೆರೆಯ ಬಳಿ ಮೇಷ್ಟ್ರ ಸ್ನೇಹಿತರ ತೋಟಕ್ಕೆ ಹೋದವು. ಒಂದು ಕರವಸ್ತ್ರವನ್ನೂ ಒಗೆದು ಗೊತ್ತಿರದಿದ್ದ ಮೇಷ್ಟ್ರು ಪ್ರತಿ ಭಾನುವಾರ ನಡೆದುಕೊಂಡು ಹೋಗಿ, ಅಲ್ಲೇ ಬಟ್ಟೆ ಬದಲಾಯಿಸಿ, ಕೆಲಸ ಮುಗಿಸಿ, ಅಲ್ಲೇ ಬಾವಿಕಟ್ಟೆಯಲ್ಲಿ ಒಗೆದು ಸ್ನಾನ ಮಾಡಿ ಬರುತ್ತಿದ್ದರು. ನಮ್ಮ ಮನೆಗೆ ಜೇನುತುಪ್ಪ ಬರುವುದು ನಿಲ್ಲಲಿಲ್ಲ. ಆದರೆ ಅದನ್ನು ನೆಕ್ಕುವಾಗಲೆಲ್ಲ ಆ ಸಿಳ್ಳೆಯ ಸದ್ದು ನೆನಪಾಗುತ್ತಿತ್ತು.

ಮುಂದಿನ ವರ್ಷ ಗಿರಿಜಾಗೆ ಜ್ವರ ಬಂತು. ಎಂದಿನಂತೆ ಮೇಷ್ಟ್ರೇ ಕರೆತಂದರು. "ಏನಾಯ್ತು?" ಎಂದೆ. "ಮೂರು ದಿನದಿಂದ ಡಾಕ್ಟ್ರೇ…" ಎಂದು ಬಾಯಿ ತೆರೆದವರು ಅಲ್ಲಿಗೇ ನಿಲ್ಲಿಸಿದರು. ಎದ್ದು, "ಅವಳೇ ಹೇಳ್ತಾಳೆ" ಎಂದು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು.

ನಾನು ಪೆನ್ನು ಕೆಳಗಿಟ್ಟೆ. ಎದುರಿಗೆ ಕೂತವರು ತಮ್ಮ ಬಾಯಿಂದಲೇ ಹೇಳಿ ಮುಗಿಸುವವರೆಗೆ ಪೆನ್ನು ಮುಟ್ಟಬಾರದು, ದಿನವಿಡೀ ಅವರ ಕೈಗಳು ಏನು ಕೆಲಸ ಮಾಡುತ್ತವೆಂದು ಕೇಳದೆ ಕಾಯಿಲೆಗೆ ಹೆಸರಿಡಬಾರದು ಎಂಬ ಪಾಠವನ್ನು ಕಾಲೇಜಿನಲ್ಲೂ ಹೇಳಿದ್ದಿರಬೇಕು. ನನಗೆ ಅದು ತಲೆಗೆ ಹೋದದ್ದು ಈ ಹುಡುಗಿಯಿಂದ. ಅಂದು ಅವಳು ಹತ್ತು ನಿಮಿಷ ಮಾತಾಡಿದಳು. ಜ್ವರದ ವಿಷಯ ಎರಡೇ ನಿಮಿಷ. ಉಳಿದದ್ದೆಲ್ಲ ಹೆರಿಗೆಯಾದಾಗಿನಿಂದ ಇದ್ದ ಸೊಂಟನೋವಿನ ವಿಷಯ. ಅದನ್ನು ಅವಳು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.