ಮೂರನೇ ಸಿಲಿಂಡರಿನ ಹಳದಿ ನೀರು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಕಾರಿನ ಇಂಜಿನ್ನಿನಲ್ಲಿ ಕೈಕೊಟ್ಟದ್ದು ಮೂರನೇ ಸಿಲಿಂಡರೋ ಎರಡನೆಯದೋ, ಆಣೆ ಮಾಡಿ ಹೇಳಲಾರೆ. ಆ ದಿನದ ಡೈರಿಯಲ್ಲಿರುವುದು ಒಂದೇ ಸಾಲು: "ಭಾಲ್ಕಿಯಲ್ಲಿ ಗಾಡಿ ರಿಪೇರಿ, ಔರಾದಿಗೆ ತಡ." ಉಳಿದದ್ದೆಲ್ಲ ತಲೆಯಲ್ಲಿ ಇಟ್ಟುಕೊಂಡದ್ದು, ಅಲ್ಲಿ ಎಷ್ಟು ಬೆಳೆದಿದೆಯೋ ಗೊತ್ತಿಲ್ಲ.

ನಾನಾಗ ಎಂ.ಎ. ಓದುತ್ತಿದ್ದೆ, ದಸರಾ ರಜೆಗೆ ಬೀದರಿನ ಮನೆಗೆ ಬಂದಿದ್ದೆ. ಆಯುಧಕ್ಕೂ ಗಾಡಿಗೂ ಪೂಜೆ ಮಾಡುವ ಖಂಡೆ ಪೂಜೆಯ ದಿನ ನಮ್ಮ ಹಳೆಯ ಪೆಟ್ರೋಲ್ ಕಾರನ್ನು ಅಪ್ಪನೇ ತೊಳೆಯುತ್ತಿದ್ದರು. ಬೇರೆಯವರು ಹೊರಗಷ್ಟೇ ತೊಳೆದು ಹಾರ ಹಾಕುತ್ತಾರೆ. ಅಪ್ಪನ ಪ್ರಕಾರ ದುಡಿಯುವುದು ಇಂಜಿನ್, ಪೂಜೆಯೂ ಅದಕ್ಕೇ ಸಲ್ಲಬೇಕು. ಬಾನೆಟ್ ಎತ್ತಿ, ತಂಬಿಗೆ ತುಂಬ ಅರಿಷಿಣದ ನೀರನ್ನು ಇಂಜಿನ್ನಿನ ಮೇಲೆ ಅಭಿಷೇಕದಂತೆ ಸುರಿದರು. ನಾನು ಕುಂಕುಮದ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನಿಜ ಹೇಳಬೇಕೆಂದರೆ, ನನಗದು ಚೆಂದವೇ ಕಂಡಿತ್ತು.

ಎರಡು ದಿನದ ಮೇಲೆ ಹಬ್ಬದ ಬನ್ನಿ ಎಲೆ ಕೊಡಲು ಔರಾದಿನಲ್ಲಿರುವ ಅಪ್ಪನ ಅಕ್ಕನ ಮನೆಗೆ ಹೊರಟೆವು. ಮೊದಲು ಭಾಲ್ಕಿಗೆ ಹೋಗುವುದೆಂದಿತ್ತು. ಅದು ಅವ್ವನ ತವರು, ಅವಳ ತಮ್ಮನ ಗ್ಯಾರೇಜೂ ಅಲ್ಲೇ. ಅರ್ಧ ದಾರಿಯಲ್ಲಿ ಕಾರು ಎಳೆಯಲಾರದೆ ಜಗ್ಗತೊಡಗಿತು.

"ಮಿಸ್ಸಿಂಗ್ ಆಗ್ಲಕತ್ತದ," ಅಂದರು ಅಪ್ಪ. "ಹೋದ್ ವಾರ ನಿನ್ನ ತಮ್ಮ ಪ್ಲಗ್ ಬದಲಿ ಮಾಡ್ಯಾನಲ್ಲ, ಅವಂದೇ ಕರಾಮತ್ ಇದು. ಇನ್ನ ಮ್ಯಾಲ ಗಾಡಿ ಬೀದರ್ದಾಗೇ ತೋರಸ್ತೀನಿ. ಭಾಲ್ಕಿ ಬಂದ್!"

ಅವ್ವ ಕಿಟಕಿಯ ಹೊರಗೆ ನೋಡಿದಳು. ಅಪ್ಪ ಕಾರಣವಿಲ್ಲದೆ ಹೆಂಡತಿಯ ತವರಿಗೆ ಹೋಗುವವರಲ್ಲ. ಕಾರಿನ ಸರ್ವೀಸ್ ಎಂಬ ನೆಪದಿಂದ ಅವ್ವನಿಗೆ ಮೂರು ತಿಂಗಳಿಗೊಮ್ಮೆ ತವರು ಸಿಗುತ್ತಿತ್ತು. ಬಸ್ಸಿಗೆ ಹೋಗಬಾರದೇ ಎಂದು ಒಮ್ಮೆ ಕೇಳಿದ್ದೆ. "ಒಬ್ಬಾಕಿನೇ ಹೋದ್ರ ಜಗಳಾಡಿ ಬಂದಾಳ ಅಂತಾರ," ಅಂದಿದ್ದಳು.

ಗ್ಯಾರೇಜಿನ ಬೆಂಚಿನ ಮೇಲೆ ಇಬ್ಬರು ಗಿರಾಕಿಗಳು ಚಹಾ ಕುಡಿಯುತ್ತ ಕೂತಿದ್ದರು. ಅವರ ಮುಂದೆಯೇ ಅಪ್ಪ ಶುರು ಮಾಡಿದರು: "ಏನ್ರಿ ಮಿಸ್ತ್ರಿ ಸಾಹೇಬ್ರ, ಪ್ಲಗ್ ಹಾಕೀರೋ, ಬಾಟ್ಲಿ ಬಿರಡಿ ಹಾಕೀರೋ?"

"ಮೊದಲ ಬನ್ನಿ ಕೊಡ್ರಿ ಭಾವಾರ, ಆಮ್ಯಾಲ ಬೈರಿ," ಎಂದು ಮಾಮಾ ಎಲೆ ಇಸಿದುಕೊಂಡು ಅಪ್ಪನ ಕಾಲು ಮುಟ್ಟಿದ. "ನೀವು ಒಳಗ ಕುಂತು ಇಂಜಿನ್ ಚಾಲೂ ಇಡ್ರಿ."

ಅವನು ಮೊದಲು ಹೋದದ್ದು ಕಾರಿನ ಹಿಂದಕ್ಕೆ. ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿ ನನ್ನನ್ನು ಕರೆದ. "ಇಲ್ಲಿ ಕೈ ಇಡು ಬಾ. ನಡನಡಕ ಒಂದ್ ಉಸಿರು ತಪ್ಪಲಕತ್ತದ, ಗೊತ್ತಾಗ್ತದಿಲ್ಲೋ?" ಫಟ್, ಫಟ್, ಫಟ್, ಆಮೇಲೆ ಒಂದು ಖಾಲಿ. ಗೊತ್ತಾಯಿತು ಎಂದೆ. ನಿಜಕ್ಕೂ ಗೊತ್ತಾಗಿತ್ತೋ, ಅವನು ಹೇಳಿದ್ದಕ್ಕೆ ಹಾಗನ್ನಿಸಿತೋ.

ಆಮೇಲೆ ಬಾನೆಟ್ ಎತ್ತಿ, ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ಗಿನ ವೈರುಗಳನ್ನು, ಕುಳಿಯ ಬಾಯಿ ಮುಚ್ಚುವ ರಬ್ಬರ್ ಕ್ಯಾಪಿನ ಸಮೇತ, ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸುತ್ತ ಹೋದ. ಮೊದಲನೆಯದನ್ನು ಕಿತ್ತಾಗ ಇಂಜಿನ್ ಇನ್ನಷ್ಟು ನಡುಗಿತು. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಕಿತ್ತಾಗ ಏನೂ ವ್ಯತ್ಯಾಸವಾಗಲಿಲ್ಲ.

"ದುಡಿಯೋವ್ನ ತಗದ್ರ ಮನಿ ಅಲ್ಲಾಡ್ತದ. ಇವ ಕುಂತು ಉಣ್ಣೋವ, ಇದ್ರೂ ಅಷ್ಟೇ, ಹೋದ್ರೂ ಅಷ್ಟೇ," ಅಂದ. ಗಿರಾಕಿಗಳು ನಕ್ಕರು.

ಇಂಜಿನ್ ನಿಲ್ಲಿಸಲು ಹೇಳಿ, ಮೂರನೇ ಪ್ಲಗ್ ಕೂತಿದ್ದ ಕುಳಿಯೊಳಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದ. ಸ್ಕ್ರೂಡ್ರೈವರಿಗೆ ಹಳೇ ಬನಿಯನ್ನಿನ ತುಂಡು ಸುತ್ತಿ ಕೆಳಗಿಳಿಸಿ ತೆಗೆದ. ಅರಿವೆ ಒದ್ದೆಯಾಗಿತ್ತು, ಹಳದಿಯಾಗಿತ್ತು. ಆ ಕುಳಿಯಲ್ಲಿ ನೀರು ನಿಂತರೆ ಕಿಡಿ ಪ್ಲಗ್ಗಿನ ತುದಿ ಮುಟ್ಟದೆ ಅಡ್ಡದಾರಿ ಹಿಡಿಯುತ್ತದೆ, ಅಲ್ಲಿ ಪೆಟ್ರೋಲ್ ಹೊತ್ತುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವನು ಮಾಮಾನೇ, ಆದರೆ ವರ್ಷಗಳ ನಂತರ, ಬೇರೆ ಯಾರದೋ ಕಾರಿನ ಮಾತು ಬಂದಾಗ. ಅವತ್ತು ಅವನು ಅರಿವೆಯನ್ನು ಮುದುಡಿ ಕಿಸೆಗೆ ಹಾಕಿಕೊಂಡ. ಎತ್ತಿದ ಬಾನೆಟ್ಟಿನ ಈಚೆ ಇದ್ದವರು ನಾನು, ಅವ್ವ ಇಬ್ಬರೇ.

"ಏನಾಗ್ಯದೋ?" ಅಪ್ಪ ಕೂತಲ್ಲಿಂದಲೇ ಕೂಗಿದರು.

"ನಂದೇ ತಪ್ಪಾಗ್ಯದ್ರಿ ಭಾವಾರ. ಕ್ಯಾಪ್ ಸಡ್ಲ ಬಿಟ್ಟಿದ್ದೆ. ಮಾಫ್ ಮಾಡ್ರಿ."

ಬೆಂಚಿನ ಮೇಲಿದ್ದವರೂ ಕೇಳಿಸಿಕೊಂಡರು. ಅಪ್ಪ ಇನ್ನು ಕೂಗಾಡುತ್ತಾರೆ ಎಂದುಕೊಂಡೆ. ಆದರೆ ತಪ್ಪು ಒಪ್ಪಿಕೊಂಡವರ ಮೇಲೆ ಅವರ ಸಿಟ್ಟು ನಿಲ್ಲುವುದಿಲ್ಲ, ಅದು ಮಾಮಾನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಹೋಗ್ಲಿ ಬಿಡಪಾ, ಆಗ್ತಾವ. ಮುಂದಿನ ಸಲ ನಾನೇ ನಿಂತು ಹಾಕಸ್ತೀನಿ," ಅಂದರು ಅಪ್ಪ.

ಮುಂದಿನ ಸಲ! ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಮನೆಯಲ್ಲಿ ಅಡುಗೆ ಏನು ಮಾಡಿದ್ದಾರೆಂದು ತಮ್ಮನನ್ನು ಕೇಳಿದಳು. ಅವನು ಗಾಳಿಯ ಪೈಪಿನಿಂದ ಕುಳಿ ಒಣಗಿಸಿದ, ಊಟ ಮುಗಿಸಿ ಹೊರಟಾಗ ಕಾರು ಒಂದೂ ಉಸಿರು ತಪ್ಪಲಿಲ್ಲ.

ಅಂದಿನಿಂದ ಅಪ್ಪ ತಪ್ಪದೆ ಭಾಲ್ಕಿಗೆ ಹೋಗುತ್ತಾರೆ, ಮಾಮಾನ ತಲೆಯ ಮೇಲೆ ನಿಂತು ಪ್ಲಗ್ ಹಾಕಿಸುತ್ತಾರೆ. ನೆಂಟರು ಕೂಡಿದಲ್ಲೆಲ್ಲ "ಇವ ಒಮ್ಮೆ ಕ್ಯಾಪ್ ಸಡ್ಲ ಬಿಟ್ಟಿದ್ದ ನೋಡ್ರಿ" ಎಂದು ಶುರು ಮಾಡುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವನು ಮಾಮಾ. ನಾನೂ ನಗುತ್ತೇನೆ. ಆಮೇಲೆ ಅನುಮಾನ ಬರುತ್ತದೆ: ಕ್ಯಾಪ್ ನಿಜಕ್ಕೂ ಸಡಿಲವಿದ್ದೇ ನೀರು ಇಳಿದಿರಬಹುದಲ್ಲ? ಅಪ್ಪ ತಂಬಿಗೆ ಬಗ್ಗಿಸಿದ್ದನ್ನು ಕಂಡಿದ್ದಕ್ಕೆ ಆ ಅರಿವೆಗೆ ನಾನೇ ಹಳದಿ ಹಚ್ಚಿದೆನೇ? ಆದರೆ ಮರುವರ್ಷದಿಂದ ಖಂಡೆ ಪೂಜೆಯ ದಿನ ಮಾಮಾ ತನ್ನ ಗ್ಯಾರೇಜಿನ ಪೂಜೆ ಬೇಗ ಮುಗಿಸಿ ಬೀದರಿಗೆ ಬರುತ್ತಾನೆ. "ಇಂಜಿನ್ ಪೂಜಿ ನನಗ ಬಿಡ್ರಿ ಭಾವಾರ," ಎಂದು ಬೆರಳ ತುದಿಯಿಂದ ಒಂದೇ ಒಂದು ಬೊಟ್ಟು ಇಡುತ್ತಾನೆ.

ಅವ್ವನನ್ನು ಕೇಳುವ ಧೈರ್ಯ ನನಗಿಲ್ಲ. ಈ ಸಲ ಅವನು ಬೊಟ್ಟು ಇಡುವಾಗ, ಅಪ್ಪ ತೆಂಗಿನಕಾಯಿ ತರಲು ಒಳಗೆ ಹೋಗಿದ್ದ ಹೊತ್ತು ನೋಡಿ, ಅವನನ್ನೇ ಕೇಳಿದೆ. ಬಾನೆಟ್ಟಿನೊಳಗೆ ಬಗ್ಗಿದ್ದವನು "ಭಾವಾರ, ಕಾಯಿ ತರ್ರಿ," ಎಂದು ಒಳಗೆ ಕೂಗಿದ. ನಾನು ಕೇಳಿದ್ದು ಇಷ್ಟೇ:

"ಮಾಮಾ, ಅವತ್ತು ಕ್ಯಾಪ್ ಖರೇನೇ ಸಡ್ಲ ಇತ್ತೇನ್ರಿ?"