ಇಲಿಗಳ ಬಸಿರು, ಸೊಸೆಯ ಕರಿಮಣಿ

ಎಂ.ಆರ್.ಐ. ಅಂದರೆ ದೊಡ್ಡ ಅಯಸ್ಕಾಂತದ ಯಂತ್ರ. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಮುಂಬೈಯಲ್ಲಿ ನಾವು ಬಸುರಿ ಇಲಿಗಳನ್ನು ಅದರೊಳಗೆ ಮಲಗಿಸಿ, ಮಾಸಿನಲ್ಲಿ, ಅಂದರೆ ಮರಿಗೆ ಉಸಿರು ಒದಗಿಸುವ ಅಂಗದಲ್ಲಿ, ಆಮ್ಲಜನಕ ಎಷ್ಟಿದೆಯೆಂದು ಅಳೆಯುತ್ತಿದ್ದೆವು. ಆಮ್ಲಜನಕ ಕಡಿಮೆಯಾದ ರಕ್ತ ಅಯಸ್ಕಾಂತದೆದುರು ಬೇರೆ ರೀತಿ ವರ್ತಿಸುತ್ತದೆ, ಅದರಿಂದ ತಿಳಿಯುತ್ತದೆ.

ಕುಮಟಾದಿಂದ ಮಂಗಳೂರಿಗೆ ಹೋಗುವ ರೈಲಿನಲ್ಲಿ ಇದನ್ನೆಲ್ಲ ಎದುರಿನ ಅತ್ತೆ-ಸೊಸೆಗೆ ವಿವರಿಸಿದೆ. ಅವರು ಹೊನ್ನಾವರದಲ್ಲಿ ಹತ್ತಿದವರು. ಬಸುರಿ ಸೊಸೆಗೂ ಮಂಗಳೂರಿನಲ್ಲಿ ಅದೇ ಪರೀಕ್ಷೆ ಇತ್ತು. ಹಿಂದಿನ ಸಿಸೇರಿಯನ್ ಗಾಯಕ್ಕೆ ಮಾಸು ಅಂಟಿದೆಯೇ ಎಂದು ನೋಡಬೇಕಿತ್ತು.

“ಒಳಗೆ ಲೋಹ ಒಯ್ಯುವ ಹಾಗಿಲ್ಲ” ಎಂದೆ.

ಅತ್ತೆ ಸೊಸೆಯ ಕರಿಮಣಿ ಸರ ಹಿಡಿದುಕೊಂಡರು. “ಇದನ್ನ ತೆಗೂದು ಆಗೂದಿಲ್ಲ ತಮ್ಮಾ. ಭಟ್ಕಳದಲ್ಲೇ ಇಳಿದು ವಾಪಸ್ ಹೋಗ್ತೇವೆ.”

ಸೊಸೆಯ ಮುಖ ಸಣ್ಣದಾಯಿತು. ಗಾಬರಿಯಲ್ಲಿ ನಾನು ಇನ್ನಷ್ಟು ವಿವರಿಸಿದೆ: ಇಲಿಯ ಕಿವಿಯ ಲೋಹದ ಬಿಲ್ಲೆ ತೆಗೆದು, ಗುರುತಿಗೆ ಬಾಲಕ್ಕೆ ಬಣ್ಣ ಹಚ್ಚುತ್ತೇವೆ.

“ನಂಗೆ ಬಾಲ ಇಲ್ವಲ್ಲ ಅತ್ತೆ!” ಎಂದಳು ಸೊಸೆ.

ಅತ್ತೆ ನಗಲಿಲ್ಲ, ಯೋಚಿಸಿದರು. “ದಾರ ಆಗ್ತದ್ಯಾ?”

“ಆಗ್ತದೆ.”

“ಅರಿಶಿನ ಕೊಂಬು?”

“ಅದೂ ಆಗ್ತದೆ.”

“ಆತು ಹಂಗಾರೆ! ದಾರಕ್ಕೆ ಕೊಂಬು ಕಟ್ಟಿ ಹಾಕಿದ ಮೇಲೆ ಇದನ್ನ ತೆಗೆದ್ರಾತು.”

ಭಟ್ಕಳದಲ್ಲಿ ಅವರು ಇಳಿಯಲಿಲ್ಲ. ಹೊಸದಾಗಿ ಹತ್ತಿ ಪಕ್ಕದಲ್ಲಿ ಕೂತವರಿಗೆ ಅತ್ತೆ ನನ್ನನ್ನು ಹೆಮ್ಮೆಯಿಂದ ತೋರಿಸಿದರು: “ಈ ತಮ್ಮ ಮುಂಬೈಲಿ ಇಲಿಗಳ ಬಾಣಂತನ ಮಾಡ್ತಾರೆ.”

ನಾನು ತಿದ್ದಲಿಲ್ಲ. ತಿದ್ದಿದ್ದರೆ ಉಡುಪಿಯವರೆಗೂ ವಿವರಿಸಬೇಕಾಗುತ್ತಿತ್ತು.